ಚೌತಿಯ ದಿನ ಬಂದ ಫೋನು

ಕೋಲಾರ
೧೬-೧೦-೨೦೦೮, ಗುರುವಾರ

ಪ್ರೀತಿಯ ಮೇಧಾ,

ನಿನ್ನ ಸುಂದರತ್ತೆಯ ಆಶೀರ್ವಾದಗಳು. ಆರೋಗ್ಯ ಹೇಗಿದೆ? ಹಿಂದೂಪುರದ ನೀರು ನಿನಗೆ ಒಗ್ಗಿತೋ ಇಲ್ಲವೋ. ಚಿಕ್ಕವಳಿದ್ದಾಗ ಊರು ಬದಲಾದರೆ ಸಾಕು, ಮೂಗು ಕಟ್ಟಿಕೊಂಡು ಮೂರು ದಿನ ಮಲಗುತ್ತಿದ್ದೆ. ನಿನ್ನ ದೊಡ್ಡಮ್ಮ ಶಾಮಲಮ್ಮನವರ ಮಂಡಿನೋವು ಕಡಿಮೆಯಾಯಿತೆ? ನಾನು ಫೋನ್ ಮಾಡಿದಾಗಲೆಲ್ಲ ಅವರೇ ಎತ್ತಿ, ಮೇಧಾ ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತಾರೆ. ಮೊನ್ನೆ ಒಂದೇ ದಿನ ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ನೀನು ಬಚ್ಚಲಲ್ಲೇ ಇದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಪಾಪ, ಅವರಿಗೆ ಯಾಕೆ ಈ ಕಷ್ಟ ಎಂದು ಕಾಗದ ಹಿಡಿದು ಕೂತಿದ್ದೇನೆ. ನನ್ನ ಬಿ.ಪಿ. ಮಾತ್ರೆಗೆ ಬಗ್ಗುತ್ತಿದೆ. ಊಟ ಸೇರುತ್ತಿಲ್ಲ, ಅದಕ್ಕೆ ಕಾರಣ ಮುಂದೆ ಬರೆಯುತ್ತೇನೆ.

ಆಫೀಸಿನ ಸುದ್ದಿ ಮೊದಲು. ನಿನ್ನ ಕುರ್ಚಿಗೆ ಇನ್ನೂ ಯಾರನ್ನೂ ಹಾಕಿಲ್ಲ, ಎಲ್ಲರೂ ಊಟದ ಬ್ಯಾಗು ಇಡುವುದು ಅದರ ಮೇಲೆಯೇ. ಕೆಳಗೆ ರಸ್ತೆಯಲ್ಲಿ ಟೊಮೆಟೊ ಲಾರಿಗಳ ಹಾರ್ನು ಎಂದಿನಂತೆ, ಗ್ರಾಹಕರು ಫೋನಿನಲ್ಲಿ "ಏನ್ ಮೇಡಂ, ಬಸ್‌ಸ್ಟ್ಯಾಂಡಲ್ಲಿ ಕೂತಿದೀರಾ" ಅನ್ನುವುದೂ ಎಂದಿನಂತೆ. ಆದರೆ ಬರುವ ಕರೆಗಳೇ ಅರ್ಧಕ್ಕರ್ಧ ಇಳಿದಿವೆ. ಕಂಪ್ಯೂಟರಿನಲ್ಲಿ ಚೆಸ್ಸು, ಕೇರಂ, ಇಸ್ಪೀಟು ಆಡಿಸುವ ನಮ್ಮ ಕಂಪನಿಗೆ ಮನೆಯ ವಿಳಾಸ ಕೊಡಲು ಜನ ಈಗ ಹೆದರುತ್ತಾರೆ. ಸೋಮವಾರ ಮ್ಯಾನೇಜರ್ ಸುಬ್ಬರಾಯಪ್ಪನವರು ನನ್ನನ್ನು ಒಳಗೆ ಕರೆದು ಒಂದು ಕಾಗದ ಕೊಟ್ಟರು. "ನನ್ನ ನಿರ್ಲಕ್ಷ್ಯದಿಂದ ನನ್ನ ಪಾಸ್‌ವರ್ಡ್ ಹೊರಗಿನವರ ಕೈಸೇರಿತು, ನಡೆದದ್ದಕ್ಕೆ ನಾನೊಬ್ಬಳೇ ಹೊಣೆ" ಎಂದು ಟೈಪ್ ಮಾಡಿಸಿ ಕೆಳಗೆ ನಿನ್ನ ಹೆಸರು ಹಾಕಿದ್ದಾರೆ. ನೀನು ಸಹಿ ಹಾಕಿದರೆ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಿನ್ನ ಹೆಸರು ಸೇರಿಸುವುದಿಲ್ಲವಂತೆ. ಹಾಕದಿದ್ದರೆ ದೀಪಾವಳಿ ಕಳೆದ ಮೇಲೆ ಸೇರಿಸುತ್ತಾರಂತೆ. "ನೀವು ಸೋದರತ್ತೆ, ನೀವು ಹೇಳಿದ್ರೆ ಕೇಳ್ತಾಳೆ ಮೇಡಂ" ಎಂದರು. ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನಿನಗೆ ಬುದ್ಧಿ ಹೇಳಿ ಸಹಿ ಹಾಕಿಸಲೆಂದೇ ಈ ಪತ್ರ ಶುರು ಮಾಡಿದೆ, ನಿಜ ಹೇಳುತ್ತೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಮುಖ್ಯ ಮಾತಿಗೆ ಬರಲು ಧೈರ್ಯ ಸಾಲದವರು ಹೀಗೇ ಮಾಡುವುದು. ಕಳೆದ ತಿಂಗಳು ಗೌರಿ ಗಣೇಶ ಹಬ್ಬದ ದಿನ ಹನ್ನೆರಡು ಸಾವಿರ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ನಂಬರು, ಹುಟ್ಟಿದ ತಾರೀಕು ಎಲ್ಲ ಒಂದೇ ಮಧ್ಯಾಹ್ನದಲ್ಲಿ ಕಳುವಾಯಿತು. ಹತ್ತು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಗ್ರಾಹಕರ ಮನೆಗಳಿಗೆ ಕಂಡಕಂಡವರು ಫೋನ್ ಮಾಡತೊಡಗಿದ ಮೇಲೆ ಬೆಂಗಳೂರಿನ ದೊಡ್ಡ ಆಫೀಸಿನವರು ಹುಡುಕಿದರು. ಕದ್ದವರು ಸಿಗಲಿಲ್ಲ, ಅವರು ಬಳಸಿದ ಪಾಸ್‌ವರ್ಡ್ ಸಿಕ್ಕಿತು. ಅದು ನಿನ್ನದು.

ಅಂದಿನಿಂದ ಇದಕ್ಕೆ ಯಾರು ಹೊಣೆ ಅನ್ನುವುದೇ ಆಫೀಸಿನಲ್ಲಿ ಮಾತು. ಬೆಂಗಳೂರಿನವರು ಕೋಲಾರದ ಶಾಖೆ ಅನ್ನುತ್ತಾರೆ, ಸುಬ್ಬರಾಯಪ್ಪನವರು ನೀನು ಅನ್ನುತ್ತಾರೆ. ಕಂಪನಿಯ ವಕೀಲರಂತೂ, ಸೇರುವಾಗಲೇ ಗ್ರಾಹಕರು ಎಲ್ಲಕ್ಕೂ ಒಪ್ಪಿಗೆ ಎಂದು ಗುರುತು ಹಾಕಿದ್ದಾರೆ, ಅವರು ಕೇಳುವ ಹಾಗೇ ಇಲ್ಲ ಎಂದರು. ನಾನೂ ಬಾಯಿ ಹಾಕದೆ ಬಿಡಲಿಲ್ಲ. ಮುಳಬಾಗಿಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಟ್ರಂಕ್ ಕಾಲ್ ಜೋಡಿಸಿದವಳು ನಾನು. ಅಲ್ಲಿ ನಾನು ಏನೇ ಎಡವಟ್ಟು ಮಾಡಿದರೂ ಒಂದು ಸಲಕ್ಕೆ ಒಂದು ಮನೆಯ ಮಾತು ಹೊರಗೆ ಬೀಳುತ್ತಿತ್ತು, ಅಷ್ಟೇ. ಇಲ್ಲಿ ಇಪ್ಪತ್ತಮೂರು ವರ್ಷದ ಹುಡುಗಿಯ ಕೈಗೆ ಹನ್ನೆರಡು ಸಾವಿರ ಮನೆಗಳ ಬೀಗ ತೆಗೆಯುವ ಒಂದೇ ಪದ ಕೊಟ್ಟವರು ಯಾರು, ಮೊದಲು ಅವರನ್ನು ಕೇಳಿ ಎಂದು ಜಬರ್ದಸ್ತಾಗಿ ಹೇಳಿದೆ. ಎಲ್ಲರೂ ತಲೆದೂಗಿದರು. ನಿನ್ನ ಪರ ನಿಂತ ಒಬ್ಬಳೇ ಒಬ್ಬಳು ಎಂದು ನನಗೆ ಒಳ್ಳೆಯ ಹೆಸರೂ ಬಂತು. ಆ ಮಾತು ಈಗಲೂ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ನಾನು ಅದನ್ನು ಹೇಳಿದ್ದು ನಿನ್ನನ್ನು ಉಳಿಸಲು ಅಲ್ಲ ಮೇಧಾ, ನಾನು ಅದರ ಹಿಂದೆ ಅಡಗಿಕೊಳ್ಳಲು.

ಶಕೀಲಾ ಬಂದ ದಿನ ನೆನಪಿದೆಯಲ್ಲ. ಮುಳಬಾಗಿಲಿನಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುವ ಜಾನ್ ಪಾಷಾ ಅವರ ಹೆಂಡತಿ. ಆ ಮನುಷ್ಯನಿಗೆ ಕೇರಂ ಹುಚ್ಚು. ಕಂಪ್ಯೂಟರಿನಲ್ಲಿ ಆಡಲು ಮಗಳು ಸಿದ್ರಾಳೇ ಹೆಸರು ತುಂಬಿಕೊಟ್ಟಳೆಂದು ಖಾತೆ ಅವಳ ಹೆಸರಿನಲ್ಲೇ ಇತ್ತು, ನಂಬರು ಮನೆಯದು. ಕಳ್ಳರು ಆ ಪಟ್ಟಿಯನ್ನು ಯಾರು ಯಾರಿಗೆ ಮಾರಿದರೋ, ಹತ್ತನೇ ಕ್ಲಾಸಿನ ಆ ಮಗುವನ್ನು ಹೆಸರು ಹಿಡಿದು ಕರೆದು ಹೊಲಸು ಮಾತಾಡುವ ಫೋನುಗಳು ಬರತೊಡಗಿದವು. ಹುಟ್ಟಿದ ತಾರೀಕನ್ನೂ ಹೇಳುತ್ತಿದ್ದರಂತೆ. ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಳು. ಶಕೀಲಾ ಮೆಟ್ಟಿಲು ಹತ್ತಿ ಬಂದು ನೇರ ನಿನ್ನ ಮುಂದೆ ನಿಂತಳು, ಸುಬ್ಬರಾಯಪ್ಪನವರು ನಿನ್ನ ಕಡೆ ಕೈ ತೋರಿಸಿಬಿಟ್ಟಿದ್ದರು. "ನಮ್ ಮಗಳ ಹೆಸರು ನೀನೇ ಕೊಟ್ಟಿದ್ದಾ? ನಿನ್ನ ಹೆಸರು ಹಿಂಗೇ ಯಾರಾದ್ರೂ ಬೀದಿಗೆ ಹಾಕಿದ್ರೆ ನಿಮ್ಮಮ್ಮ ಸುಮ್ನಿರ್ತಾಳಾ?" ಅಂದಳು. ನಿನ್ನ ತಾಯಿ ಇಲ್ಲ ಎಂದು ಅವಳಿಗೆ ಹೇಗೆ ಗೊತ್ತಿರಬೇಕು. ನೀನು "ನಾನಲ್ಲಮ್ಮ" ಎಂದು ನನ್ನ ಕಡೆ ತಿರುಗಿದೆ. ನಾನು ಹೆಡ್‌ಫೋನು ಸರಿಮಾಡಿಕೊಂಡು, "ಹಲೋ, ಹೇಳಿ ಸರ್" ಎಂದೆ. ಆ ಕಡೆ ಯಾವ ಸರ್ ಕೂಡ ಇರಲಿಲ್ಲ. ಸುಮಾರು ಹತ್ತು ನಿಮಿಷ, ಅವಳು ಇಳಿದು ಹೋಗುವ ತನಕ, ಖಾಲಿ ಲೈನಿನಲ್ಲಿ ಒಬ್ಬಳೇ ಮಾತಾಡಿಕೊಂಡು ಕೂತಿದ್ದೆ.

ಈಗ ಹೇಳುತ್ತೇನೆ. ಹಬ್ಬದ ದಿನ ನಿನಗೆ ರಜೆ ಕೊಡಿಸಿ ಡ್ಯೂಟಿಗೆ ಬಂದವಳು ನಾನು. ನನಗೆ ಯಾರಿದ್ದಾರೆ ಹಬ್ಬ ಮಾಡಲು, ನೀನು ಅಪ್ಪನ ಜೊತೆ ಕುರುಡುಮಲೆ ಗಣಪತಿ ದರ್ಶನಕ್ಕೆ ಹೋಗಿ ಬಾ ಎಂದೆ. ಅಂದು ಗ್ರಾಹಕರ ವಿಳಾಸ ಬದಲಾವಣೆಗಳನ್ನು ಮುಗಿಸಲೇಬೇಕಿತ್ತು, ನನ್ನ ಪಾಸ್‌ವರ್ಡಿಗೆ ಅದು ತೆರೆಯುವುದಿಲ್ಲ, ನಿನ್ನದೇ ಬೇಕು. ಹಿಂದಿನ ದಿನ ಕೇಳಿದಾಗ ನೀನು ಹಿಂಜರಿದೆ. "ಯಾರಿಗೂ ಹೇಳಬಾರ್ದು ಅಂತ ಬರೆಸ್ಕೊಂಡಿದಾರೆ ಅತ್ತೆ" ಅಂದೆ. "ನಾನು ಯಾರೋ ಆಗ್ಬಿಟ್ನೇನೇ?" ಎಂದು ಮುಖ ಊದಿಸಿಕೊಂಡೆ. ನಮ್ಮಲ್ಲಿ ಆ ಮಾತು ಬಂದ ಮೇಲೆ ಎದುರು ನಿಲ್ಲುವವರುಂಟೆ. ನೀನು ನಾಚಿಕೊಂಡು ಕಾಗದದ ಚೂರಿನಲ್ಲಿ ಬರೆದುಕೊಟ್ಟೆ.

ಚೌತಿಯ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಂದು ಫೋನು ಬಂತು. ಬೆಂಗಳೂರಿನ ಕಂಪ್ಯೂಟರ್ ವಿಭಾಗದಿಂದ, ಶ್ರೀರಾಮ್ ಅಂತ ಎಂದ. ದನಿ ಕೇಳಿದರೆ ಊರು ಹೇಳುವವಳು ಎಂಬ ನನ್ನ ಜಂಬ ನಿನಗೆ ಗೊತ್ತಲ್ಲ, ಎರಡು ಮಾತಿಗೆ "ನಿಮ್ದು ಶ್ರೀನಿವಾಸಪುರದ ಕಡೆಯಲ್ವಾ?" ಅಂದೆ. ಅವನು ನಕ್ಕು, "ಅಯ್ಯೋ, ಎಂಗೆ ಕಂಡುಹಿಡಿದ್ರಿ ಅಕ್ಕಾ, ರೋಣೂರಿನ ಹತ್ರ" ಅಂದ. ಆಮೇಲೆ ಅರ್ಧ ತೆಲುಗು ಅರ್ಧ ಕನ್ನಡ, ನಮ್ಮ ಬೀದಿಯಲ್ಲೇ ಬೆಳೆದವನ ಹಾಗೆ. ಹಬ್ಬದ ದಿನವೂ ಡ್ಯೂಟಿಯೇ, ಕಡುಬು ತಿಂದಿರಾ, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿದ. ಅವತ್ತು ನನ್ನ ಊಟದ ವಿಚಾರ ಕೇಳಿದ್ದು ಆ ಕಳ್ಳ ಒಬ್ಬನೇ. ಆಮೇಲೆ ದನಿ ಇಳಿಸಿ, ಒಂದು ಕೆಲಸ ಅರ್ಧಕ್ಕೆ ನಿಂತಿದೆ, ಸಾಹೇಬರಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ, ಎಲ್ಲ ತೆರೆಯುವ ಪಾಸ್‌ವರ್ಡ್ ಇದ್ದರೆ ಐದು ನಿಮಿಷ ಕೊಡಿ ಅಕ್ಕಾ ಎಂದ. ನಾನು ಆ ಚೂರನ್ನು ಪರ್ಸಿನಿಂದ ತೆಗೆದು ಅಕ್ಷರ ಅಕ್ಷರವಾಗಿ ಓದಿದೆ. ಅವನಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಎರಡನೇ ಸಲವೂ ಓದಿದೆ. ಊರಿನ ಹುಡುಗನಿಗೆ ಉಪಕಾರವಾಯಿತು ಎಂದು ಸಂಜೆಯವರೆಗೂ ಸಂತೋಷವಾಗಿದ್ದೆ.

ಇದು ಮೋಸಹೋದದ್ದು, ಇಷ್ಟೇ ಆಗಿದ್ದರೆ ನಾನು ಇಷ್ಟು ಕುಗ್ಗುತ್ತಿರಲಿಲ್ಲ. ನಿನ್ನ ಪಾಸ್‌ವರ್ಡ್ ಎಂದು ಗೊತ್ತಾದ ಸಂಜೆ ನೀನು ನನ್ನ ಮನೆಗೆ ಬಂದು, ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, "ಅತ್ತೆ, ಆವತ್ತು ನೀವು ಯಾರಿಗಾದ್ರೂ ಹೇಳಿದ್ರಾ?" ಎಂದು ಕೇಳಿದೆ. ತಪ್ಪು ಹೊರಿಸುವ ದನಿಯಲ್ಲ ಅದು, ಜೊತೆಯಾಗಿ ಏನಾದರೂ ದಾರಿ ಹುಡುಕೋಣ ಅನ್ನುವ ದನಿ. ದನಿ ತಿಳಿಯುವವಳಲ್ಲವೆ ನಾನು, ಅದು ಚೆನ್ನಾಗಿಯೇ ತಿಳಿಯಿತು. ಆದರೂ, "ನನ್ನ ಮೇಲೇ ಅನುಮಾನನಾ? ಎತ್ತಿ ಆಡಿಸಿದವಳ ಮೇಲೆ?" ಎಂದು ಅತ್ತುಬಿಟ್ಟೆ. ನೀನೇ ನನಗೆ ನೀರು ತಂದುಕೊಟ್ಟು ಸಮಾಧಾನ ಮಾಡಿ ಹೋದೆ. ಮಾರನೆಯ ದಿನ ವಿಚಾರಣೆಯಲ್ಲಿ, ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದೆಯಾ ಎಂದು ಕೇಳಿದಾಗ ನೀನು ಇಲ್ಲ ಎಂದೆ. ಅತ್ತೆಗೆ ಕೊಟ್ಟೆ ಎಂದು ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಿನ್ನ ಕೆಲಸ ಹೋಯಿತು. ನಿನ್ನ ಅಪ್ಪ ರಾಮಚಂದ್ರ, ಮುಳಬಾಗಿಲಿನ ಮಠದ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ, ನಿಜ ಹೇಳುವ ತನಕ ಮನೆಗೆ ಬರಬೇಡ ಎಂದು ನಿನ್ನನ್ನು ಹಿಂದೂಪುರಕ್ಕೆ ಬಸ್ಸು ಹತ್ತಿಸಿದ. ನಿಜ ಗೊತ್ತಿದ್ದ ನಾನು ಅವನ ಪಕ್ಕದಲ್ಲೇ ನಿಂತು ನಿನಗೆ ಚಕ್ಕುಲಿ ಡಬ್ಬಿ ಕೊಟ್ಟೆ. ಥೂ, ಬರೆಯಲೂ ಅಸಹ್ಯವಾಗುತ್ತದೆ.

ಕದ್ದವನದು ತಪ್ಪು. ಎಲ್ಲವನ್ನೂ ಒಂದೇ ಕಡೆ ಪೇರಿಸಿಟ್ಟ ಕಂಪನಿಯದೂ ತಪ್ಪು. ಅದನ್ನು ಕೋರ್ಟಿನಲ್ಲಿ ಯಾರಾದರೂ ಅಳೆಯಲಿ. ಆದರೆ ನಿನಗೆ ಆದದ್ದಕ್ಕೆ ಕಳ್ಳನೂ ಕಾರಣನಲ್ಲ, ಕಂಪನಿಯೂ ಅಲ್ಲ. ಅದು ಪೂರ್ತಿ ನಾನೇ.

ಇಷ್ಟು ಬರೆದ ಮೇಲೂ ನನ್ನ ಹೇಡಿತನ ನೋಡು. ಐವತ್ತೆಂಟನೇ ವಯಸ್ಸಿನಲ್ಲಿ ಪೊಲೀಸ್ ಸ್ಟೇಷನ್ನಿನ ಬೆಂಚಿನಲ್ಲಿ ಕೂರುವುದನ್ನು ನೆನೆದರೆ ಪೆನ್ನು ಕೆಳಗಿಟ್ಟುಬಿಡುತ್ತೇನೆ. ಹಬ್ಬ ಕಳೆಯಲಿ, ಸಮಯ ನೋಡಿ ರಾಮಚಂದ್ರನಿಗೆ ನಿಧಾನವಾಗಿ ಹೇಳೋಣ ಅನ್ನಿಸುತ್ತದೆ. ಅಲ್ಲಿಯ ತನಕ ಆ ಕಾಗದಕ್ಕೆ ಸಹಿ ಹಾಕಿ ಕಳಿಸಿದರೆ ನಿನಗೂ ಪೊಲೀಸರ ಕಾಟ ತಪ್ಪುತ್ತದೆ ಎಂದೂ ಅನ್ನಿಸುತ್ತದೆ. ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ದೊಡ್ಡಮ್ಮನವರಿಗೆ ನನ್ನ ನಮಸ್ಕಾರ ತಿಳಿಸು, ಹೊತ್ತಿಗೆ ಸರಿಯಾಗಿ ತಿನ್ನು, ತಲೆಗೆ ಎಣ್ಣೆ ಹಚ್ಚಿಕೋ. ಭಗವಂತ ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ ಎಂದು ಹರಸುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಹರಸುತ್ತೇನೆ.

ಇಂತು ನಿನ್ನ ಅತ್ತೆ,
ಸುಂದರಾಬಾಯಿ

ತಾ.ಕ.: ಶನಿವಾರ ಬರೆಯುತ್ತಿದ್ದೇನೆ, ಪೋಸ್ಟಾಫೀಸಿನ ಮೇಜಿನ ಮೇಲೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ಯಾವುದಕ್ಕೂ ಸಹಿ ಹಾಕಬೇಡ. ಆ ಕಾಗದವನ್ನು ತೆಗೆದುಬಿಟ್ಟಿದ್ದೇನೆ. ನಿನ್ನೆ ಪತ್ರವನ್ನು ಅಂಟಿಸುವ ಮೊದಲು ಒಂದು ಸಲ ಓದಿಕೊಂಡೆ, ಕೊನೆಯ ಭಾಗ ಓದಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸುಬ್ಬರಾಯಪ್ಪನವರಿಗೆ ಎಲ್ಲ ಹೇಳಿದೆ. "ಎಲ್ಲಾ ಮುಗೀತಾ ಬಂದಿತ್ತಲ್ಲ ಮೇಡಂ, ಈಗ್ಯಾಕೆ" ಎಂದರು. ಅಲ್ಲಿಂದ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆದುಕೊಟ್ಟು, ಅದರ ನಕಲು ಇದರ ಜೊತೆ ಇಟ್ಟಿದ್ದೇನೆ. ಆಮೇಲೆ ಮುಳಬಾಗಿಲಿಗೆ ಹೋಗಿ ನಿನ್ನ ಅಪ್ಪನಿಗೆ ಹೇಳಿದೆ. ಅವನು ಬೈಯಲಿಲ್ಲ, ಶರ್ಟು ಹಾಕಿಕೊಂಡು ಬಂದು, ನಡೆ, ಆ ತಾಯಿಗೂ ಹೇಳು ಎಂದು ಶಕೀಲಾ ಮನೆಗೆ ಕರೆದುಕೊಂಡು ಹೋದ. ಅವಳು ಪೂರ್ತಿ ಕೇಳಿಸಿಕೊಂಡಳು. ನಿನ್ನ ಅಪ್ಪನ ಕಡೆ ತಿರುಗಿ, "ಹಂಗಾದ್ರೆ ನಾನು ಆ ಹುಡುಗೀಗೆ ಸುಮ್ಸುಮ್ನೆ ಬೈದ್ನಲ್ಲ ಅಣ್ಣಾ, ಎಲ್ಲಿದಾಳೆ ಅವಳು?" ಎಂದು ಕೇಳಿದಳು. ನಾನು ಒಂದು ತಿಂಗಳು ತೆಗೆದುಕೊಂಡದ್ದಕ್ಕೆ ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ನಾಳೆಯಲ್ಲ, ಮುಂದಿನ ಭಾನುವಾರ ಮೊದಲ ಬಸ್ಸಿಗೆ ನಿನ್ನ ಅಪ್ಪ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತಿದ್ದಾನೆ, ಜೊತೆಗೆ ಅವಳೂ ಬರುತ್ತಾಳೆ, ನಿನ್ನ ಕೈ ಹಿಡಿದು ತಪ್ಪಾಯಿತು ಅನ್ನಬೇಕಂತೆ. ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ಬಸ್ಸು ಬದಲಾಯಿಸುವುದು ಎಂದು ನನ್ನೆದುರಿಗೇ ಇಬ್ಬರೂ ಮಾತಾಡಿಕೊಂಡರು. ನೀವೂ ಬನ್ನಿ ಎಂದು ನನ್ನನ್ನು ಯಾರೂ ಕರೆಯಲಿಲ್ಲ.