ಕಿವಿಯ ಯಂತ್ರಕ್ಕೆ ಸಹಿ ಹಾಕಿಕೊಟ್ಟ ವೈದ್ಯಾಧಿಕಾರಿಗಳಿಗೆ

ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳೇ,

ಕಿವಿಯ ಯಂತ್ರವೊಂದಕ್ಕೆ ತಾವು ಬರೆದುಕೊಟ್ಟ ಸರ್ಟಿಫಿಕೇಟಿನಿಂದ ನನ್ನ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ. ಇದನ್ನು ಓದಿ ತಮಗೆ ನಗು ಬರಬಹುದು. ನಗುವುದಾದರೆ ಮನಸಾರೆ ನಕ್ಕುಬಿಡಿ, ನನಗಂತೂ ಅದು ಕೇಳಿಸುವುದಿಲ್ಲ. ಆದರೆ ನಕ್ಕು ಮುಗಿದ ಮೇಲೆ ಈ ಪತ್ರವನ್ನು ಕೊನೆಯವರೆಗೆ ಓದಬೇಕು. ತಮ್ಮ ದವಾಖಾನೆಗೆ ಬಂದು ಹೇಳಿಕೊಂಡಿದ್ದಾಯಿತು, ಅರ್ಜಿ ಬರೆದಿದ್ದಾಯಿತು. ಈಗ ಪತ್ರಿಕೆಯ ಸಂಪಾದಕರ ದಯೆಯಿಂದ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾನು ಶಹಾಬಾದಿನ ಪಕ್ಕದ ಭಂಕೂರದವನು. ಖಣಿಗಳಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಆರಿಸಿ ಕೊಂಡು ಊರೂರಿಗೆ ಕಳಿಸುವುದು ನನ್ನ ಕಸುಬು. ಕಲ್ಲು ಆರಿಸುವುದು ಕಣ್ಣಿನ ಕೆಲಸವೆಂದು ತಾವು ತಿಳಿದಿದ್ದರೆ ಅದು ತಪ್ಪು. ಕಣ್ಣಿಗೆ ಎಲ್ಲ ಫರಸಿಯೂ ಒಂದೇ. ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಬಿರುಕಿಲ್ಲದ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕಿದ್ದದ್ದು ಒಡೆದ ಮಡಕೆಯ ಹಾಗೆ ಬಡಬಡ ಎನ್ನುತ್ತದೆ. ಮೂರು ವರ್ಷದ ಹಿಂದೆ ನನಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಕಲ್ಲು ತಟ್ಟುವ ಕೆಲಸವನ್ನು ನಮ್ಮೂರ ಖಣಿಯ ಮೇಸ್ತ್ರಿ ಅಬ್ದುಲ್ ಕರೀಮ್ ವಹಿಸಿಕೊಂಡ. ಹೇಗೋ ಕಸುಬು ನಡೆಯಿತು.

ನಡೆಯದೆ ಹೋದದ್ದು ಮನೆ. ನಮ್ಮದು ಗೋಡೆಗೆ ಗೋಡೆ ಹತ್ತಿದ ಓಣಿ. ಇಲ್ಲಿ ಒಬ್ಬರು ಕೆಮ್ಮಿದರೆ ಆಚೆ ಮನೆಯವರು ಕಷಾಯ ಕಾಯಿಸುತ್ತಾರೆ. ಅಂಥಲ್ಲಿ ನನ್ನ ಹೆಂಡತಿ ಶಿವಕಾಂತಮ್ಮ ನನಗೆ ಏನು ಹೇಳಬೇಕಾದರೂ ಕೂಗಿ ಹೇಳಬೇಕಾಯಿತು. ಊಟಕ್ಕೆ ಬನ್ನಿ ಎಂದು ಕೂಗಬಹುದು. ಎಣ್ಣೆ ತೀರಿದೆ ಎಂದು ಕೂಗಬಹುದು. ಆದರೆ ಗಂಡ ಹೆಂಡತಿ ಆಡುವ ಮಾತಿನಲ್ಲಿ ಕೂಗಿ ಹೇಳುವಂಥದ್ದು ಎಷ್ಟಿರುತ್ತದೆ, ಸ್ವಾಮಿ? ಮೊದಲೆಲ್ಲ ದೀಪ ಹಚ್ಚಿದ ಮೇಲೆ ಅವಳು ಗೋಡೆಗೆ ಒರಗಿ ಕೂತು, ಯಾರ ಮಗಳಿಗೆ ಗಂಡು ಬಂತು, ಯಾವ ಅತ್ತೆ ಏನಂದಳು, ತನಗೆ ಯಾವ ಮಾತು ನೋವಾಯಿತು ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಅರ್ಧ ನನಗೆ ಬೇಡವಾದ ಸುದ್ದಿಯೇ. ಆ ಮಾತು ನಿಂತ ಮೇಲೆ ನನ್ನ ದಿನದಲ್ಲಿ ಅದೊಂದೇ ಇತ್ತು ಎಂದು ತಿಳಿಯಿತು. ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗಿಬಿಟ್ಟೆವು. ಕಿವಿಯ ಯಂತ್ರ ಕೊಳ್ಳಲು ಹೊರಟಿದ್ದು ಆ ಸಣ್ಣ ದನಿಗಾಗಿ, ಕಲ್ಲಿಗಾಗಿ ಅಲ್ಲ.

ಎಲ್ಲಿ ಕೊಳ್ಳಬೇಕು? ಇದನ್ನು ಹೇಳುವವರು ನಮ್ಮ ಸರ್ಕಾರದಲ್ಲಿ ಯಾರಾದರೂ ಇದ್ದಾರೆಯೇ? ಬೀಜ ಯಾವುದು ಒಳ್ಳೆಯದೆಂದು ಹೇಳಲು ಒಬ್ಬ ಅಧಿಕಾರಿ ಇದ್ದಾನೆ, ತೂಕದ ಕಲ್ಲು ಸರಿಯಿದೆಯೇ ಎಂದು ನೋಡಲು ಇನ್ನೊಬ್ಬ. ಕಿವಿ ಕಳೆದುಕೊಂಡವನ ಪಾಲಿಗೆ ಇರುವುದು ಜಾಹೀರಾತು ಮಾತ್ರ. ಮುಂಬಯಿಯ ಕಂಪನಿಯೊಂದು ತನ್ನ ಯಂತ್ರ ಯಾರ ಕಣ್ಣಿಗೂ ಕಾಣುವುದಿಲ್ಲ ಎನ್ನುತ್ತದೆ. ಚಿತ್ರದಲ್ಲಿ ನೋಡಿದರೆ ಎದೆಯ ಮೇಲೆ ಎಲೆಯಡಿಕೆಯ ಡಬ್ಬಿಯಷ್ಟು ದೊಡ್ಡದು, ಅದರಿಂದ ಕಿವಿಗೆ ತಂತಿ, ಸೊಂಟದಲ್ಲಿ ಬ್ಯಾಟರಿ. ಎದುರಿಗೆ ನಿಂತವನು ಕುರುಡನಾದರೆ ಕಾಣಲಿಕ್ಕಿಲ್ಲ. ಇನ್ನೊಂದು ಕಂಪನಿಯ ಯಂತ್ರ ಹಾಕಿಕೊಂಡರೆ ಪಕ್ಕದ ಕೋಣೆಯ ಪಿಸುಮಾತೂ ಕೇಳುತ್ತದಂತೆ. ಸೊಲ್ಲಾಪುರದ ಕನ್ನಡಕದ ಅಂಗಡಿಯವನು ಟಪಾಲಿನಲ್ಲೇ ಕಳಿಸುತ್ತೇನೆ ಎಂದ. ಕಿವಿ ನೋಡದೆ ಹೇಗೆ ಕಳಿಸುತ್ತೀರಿ ಎಂದು ಬರೆದದ್ದಕ್ಕೆ, ಎಲ್ಲ ಕಿವಿಗೂ ಒಂದೇ ಎಂದು ಉತ್ತರ ಬಂತು. ವಾಡಿಯಲ್ಲಿ ರೈಲು ಬದಲಿಸಿ ಹೈದರಾಬಾದಿನ ದೊಡ್ಡ ಅಂಗಡಿಗೂ ಹೋದೆ. ಅಲ್ಲಿಯ ಹುಡುಗರಿಗೆ ಒಂದು ಮಾತನ್ನು ಎರಡನೇ ಸಲ ಹೇಳುವಷ್ಟು ತಾಳ್ಮೆ ಇರಲಿಲ್ಲ. ಕಿವುಡರಿಂದಲೇ ಹೊಟ್ಟೆ ಹೊರೆಯುವ ಅಂಗಡಿಯಲ್ಲಿ ಕಿವುಡನನ್ನು ಕಂಡರೆ ಬೇಸರ! ಬರಿಗೈಯಲ್ಲಿ ವಾಪಸು ಬಂದೆ.

ಆಗ ತಾವು ಬಂದಿರಿ. ಅಂದರೆ ತಮ್ಮ ಸಹಿ ಬಂತು. ಒಂದು ಕಂಪನಿಯ ಏಜೆಂಟನು ಶಹಾಬಾದಿನ ಮುಸಾಫರ್ ಬಂಗ್ಲೆಯಲ್ಲಿ ಇಳಿದು ಚೀಟಿ ಹಂಚಿದ. ಉರ್ದುವಿನಲ್ಲಿ ಅಚ್ಚಾದ ಚೀಟಿ. ಕೆಳಗೆ ಜಿಲ್ಲಾ ವೈದ್ಯಾಧಿಕಾರಿಗಳ ಮಾತು: "ಈ ಯಂತ್ರವನ್ನು ಸ್ವತಃ ಪರೀಕ್ಷಿಸಿದ್ದೇನೆ. ಇದನ್ನು ಧರಿಸಿದವರಿಗೆ ಸಹಜ ಕಿವಿಯಂತೆಯೇ ಕೇಳಿಸುತ್ತದೆ." ಕಂಪನಿ ಸುಳ್ಳು ಹೇಳುತ್ತದೆ ಎಂದು ನನಗೆ ಗೊತ್ತಿತ್ತು, ಮಾರುವವನ ಬಾಯಿ ಅದು. ಆದರೆ ಮಾರುವುದಕ್ಕೆ ಏನೂ ಇಲ್ಲದ ಸರ್ಕಾರದ ವೈದ್ಯರು ಯಾಕೆ ಹೆಚ್ಚು ಹೇಳುತ್ತಾರೆ? ಆ ಚೀಟಿಯನ್ನು ಮನೆಗೆ ತಂದು ಶಿವಕಾಂತಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಆದರೂ ನಾನು ಕಲ್ಲಿನ ವ್ಯಾಪಾರಿ, ತಟ್ಟಿ ನೋಡದೆ ಕೊಳ್ಳುವವನಲ್ಲ. ಅಬ್ದುಲ್ ಕರೀಮನ ಗಾಡಿಯಲ್ಲಿ ಎರಡು ಫರಸಿ ಹೇರಿಸಿಕೊಂಡು ಬಂಗ್ಲೆಗೆ ಹೋದೆ, ಒಂದು ಗಟ್ಟಿ, ಒಂದು ಒಳಬಿರುಕಿನದು. ಏಜೆಂಟನು ಎದೆಗೆ ಡಬ್ಬಿ ಕಟ್ಟಿ ಕಿವಿಗೆ ತಂತಿಯ ತುದಿಯ ಗುಂಡಿ ತುರುಕಿದ. ಕರೀಮ ನನ್ನನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ ಹಿಂದಿನಿಂದ ತಟ್ಟಿದ. ಗಟ್ಟಿ ಎಂದೆ. ಮತ್ತೊಂದನ್ನು ತಟ್ಟಿದ, ಬಿರುಕು ಎಂದೆ. ಅದಲು ಬದಲು ಮಾಡಿ ಮತ್ತೆ ಮತ್ತೆ ತಟ್ಟಿದ, ಒಂದೂ ತಪ್ಪಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಮೇಲೆ ಕಲ್ಲಿನ ದನಿ ಕೇಳಿದ್ದೆ. ಕರೀಮ ನನ್ನ ಬೆನ್ನು ತಟ್ಟಿದ. ನಮ್ಮಿಬ್ಬರಷ್ಟು ಚಾಣಾಕ್ಷ ಗಿರಾಕಿಗಳು ಆ ಏಜೆಂಟನಿಗೆ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು ಯಂತ್ರ ಕೊಂಡು ಬಂದೆವು.

ಎಂಥ ಪೆದ್ದರು ನೋಡಿ. ಹೆಂಡತಿಯ ದನಿಗಾಗಿ ಹೊರಟವನು ಕಲ್ಲು ಒಯ್ದೆ, ಹೆಂಡತಿಯನ್ನು ಒಯ್ಯಲಿಲ್ಲ. ಗಂಡಸರು ಇಳಿಯುವ ಬಂಗ್ಲೆಗೆ ಮನೆಯ ಹೆಂಗಸನ್ನು ಕರೆದುಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ, ಅದು ತಲೆಗೇ ಹೊಳೆಯಲಿಲ್ಲ. ಮನೆಗೆ ಬಂದು ಯಂತ್ರ ಹಾಕಿಕೊಂಡು ಕೂತರೆ, ತಾಟು ಇಟ್ಟದ್ದು ಸಿಡಿಲಾಯಿತು, ಅಂಗಿಗೆ ಡಬ್ಬಿ ಸವರಿದ್ದು ಬಿರುಗಾಳಿಯಾಯಿತು, ಸಿಮೆಂಟ್ ಕಾರ್ಖಾನೆಯ ಭೋಂಗಾ ತಲೆಯೊಳಗೇ ಊದಿತು. ಅವುಗಳ ನಡುವೆ ಎಲ್ಲೋ ಶಿವಕಾಂತಮ್ಮನ ದನಿ ಇತ್ತು. ದನಿ ಇದೆ ಎಂದು ಗೊತ್ತಾಗುತ್ತಿತ್ತು. ಅದರಲ್ಲಿ ಮಾತು ಇರಲಿಲ್ಲ. ಅವಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, ಕೇಳಿಸಲಿಲ್ಲ ಎನ್ನಲು ನನಗೆ ನಾಲಗೆ ಬರಲಿಲ್ಲ. ನಗುನಗುತ್ತಾ ತಲೆಯಾಡಿಸಿದೆ. ಬರಬರುತ್ತಾ ರೂಢಿಯಾಗಬಹುದು ಎಂದು ಏಜೆಂಟ ಹೇಳಿದ್ದ, ಅದನ್ನೇ ನಂಬಿಕೊಂಡು ದಿನಾ ತಲೆಯಾಡಿಸಿದೆ.

ಇಲ್ಲಿ ತಮ್ಮ ಸಹಿಯ ಕೆಲಸವನ್ನು ಗಮನಿಸಬೇಕು. ಯಂತ್ರ ಬರುವ ಮುಂಚೆ ನಾನು ಕಿವುಡ. ನಾನು ತಲೆಯಾಡಿಸಿದರೆ ಅದನ್ನು ಯಾರೂ ಉತ್ತರವೆಂದು ಹಿಡಿಯುತ್ತಿರಲಿಲ್ಲ, ಪಾಪ ಎಂದು ಬಿಟ್ಟುಬಿಡುತ್ತಿದ್ದರು. ಯಂತ್ರ ಬಂದ ಮೇಲೆ, ತಾವು ಸಹಿ ಹಾಕಿದ ಮೇಲೆ, ನನಗೆ ಎಲ್ಲ ಕೇಳಿಸುತ್ತದೆ. ಹಾಗಿದ್ದೂ ಹೆಂಡತಿಯ ಮಾತಿಗೆ ಮಾತು ಕೊಡದೆ ಬರೀ ತಲೆಯಾಡಿಸುವ ಗಂಡ ಎಂಥವನು? ಅವಳು ಏನೆಲ್ಲ ಹೇಳಿದಳೋ, ಎಷ್ಟು ದಿನ ಕಾದಳೋ, ನನಗೆ ತಿಳಿಯದು. ಹೋದ ತಿಂಗಳು ಖಣಿಯಿಂದ ಬಂದರೆ ಮನೆಗೆ ಕೊಂಡಿ ಹಾಕಿತ್ತು. ಪಕ್ಕದ ಮನೆಯ ಅಂಬುಬಾಯಿ ಹೊರಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಅಣ್ಣಾರ, ಶಿವಕಾಂತಮ್ಮ ಚಿಂಚೋಳಿಗಿ ಹೋಗ್ಯಾಳ. ನನ್ನ ಮಾತು ನಿಮಗ ಬ್ಯಾಡಾಗ್ಯಾದೇನ್ರಿ, ನಾ ಅಕ್ಕನ ಬಲ್ಲಿ ಹೋಗ್ಲೇನ್ರಿ ಅಂತ ನಿನ್ನಿ ಸಂಜಿಗಿ ನಿಮಗ ಕೇಳಿದ್ಳಂತ. ನೀವು ನಕ್ಕೋತ ಹೂಂ ಅಂತ ಗೋಣು ಹಾಕಿದ್ರಂತ."

ಹೌದು, ಹಾಕಿದ್ದೆ. ಹಿಂದಿನ ಸಂಜೆ ಅವಳು ಏನೋ ಕೇಳಿದ್ದಳು. ಜೋಳದ ರೊಟ್ಟಿ ಇನ್ನೊಂದು ಬೇಕೇ ಎಂದಿರಬೇಕು ಎಂದುಕೊಂಡಿದ್ದೆ.

ಮರುದಿನವೇ ಬಸ್ಸು ಹತ್ತಿ ಚಿಂಚೋಳಿಗೆ ಹೋದೆ. ಅಲ್ಲಿ ಅವಳ ಅಕ್ಕನ ಮನೆ. ನನಗೆ ನಿನ್ನ ಮಾತು ಕೇಳಿಸಿರಲಿಲ್ಲ, ಈ ಯಂತ್ರ ಹಾಕಿಕೊಂಡರೂ ಕೇಳಿಸುವುದಿಲ್ಲ ಎಂದೆ. ಕಿವುಡನಿಗೆ ತನ್ನ ದನಿಯ ಅಂದಾಜಿರುವುದಿಲ್ಲ. ಎಷ್ಟು ಜೋರಾಗಿ ಹೇಳಿದೆನೋ, ಬೀದಿಯ ಜನ ಬಾಗಿಲಿಗೆ ಬಂದು ನಿಂತರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಅಕ್ಕನ ಗಂಡ ಕಲ್ಯಾಣಪ್ಪನ ಕಡೆ ತಿರುಗಿ ಏನೋ ಹೇಳಿದಳು. ಅವರು ನನ್ನ ಕಿವಿಗೆ ಬಾಯಿಟ್ಟು ತಲುಪಿಸಿದರು.

"ಸರ್ಕಾರದ ದೊಡ್ಡ ಡಾಕ್ಟರು ಬರದು ಕೊಟ್ಟಾರ, ನೀವೇ ಓದಿ ಹೇಳೀರಿ. ಅವರು ಸುಳ್ಳು ಯಾಕ ಬರೀತಾರ ಅಂತ ಕೇಳ್ತಾಳ."

ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ನಾನೂ ಹಾಗೆಯೇ ನಂಬಿದ್ದೆನಲ್ಲ. ಒಬ್ಬನೇ ಬಸ್ಸಿನಲ್ಲಿ ಮರಳಿದೆ.

ಆಮೇಲೆ ತಮ್ಮ ದವಾಖಾನೆಗೆ ಬಂದೆ. ತಮಗೆ ನೆನಪಿರಲಿಕ್ಕಿಲ್ಲ. ಯಂತ್ರ ನನ್ನ ಎದೆಯ ಮೇಲೇ ಇತ್ತು. ತಾವು ಕಿವಿಗೆ ದೀಪ ಹಿಡಿದು ನೋಡಿದಿರಿ, ಮುಖ ಆಚೆ ತಿರುಗಿಸಿ ಕೈ ತೊಳೆಯುತ್ತಾ ಏನೋ ಹೇಳಿದಿರಿ. ನಾನು ತಲೆಯಾಡಿಸಿದೆ. ತಾವು ಸಮಾಧಾನದಿಂದ ಮುಂದಿನವನನ್ನು ಕರೆದಿರಿ. ತಾವು ಏನು ಹೇಳಿದಿರಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಹಜ ಕಿವಿಯಂತೆ ಕೇಳಿಸುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ? ಹೊರಗೆ ಗುಮಾಸ್ತನು ಚೀಟಿಯಲ್ಲಿ ಬರೆದು ತೋರಿಸಿದ, ಯಂತ್ರದ ತಕರಾರು ನಮ್ಮ ಖಾತೆಗೆ ಬರುವುದಿಲ್ಲ, ಕಂಪನಿಗೆ ಬರೆಯಿರಿ ಎಂದು. ಹೊಗಳಿಕೆ ತಮ್ಮ ಖಾತೆ, ತಕರಾರು ಕಂಪನಿಯ ಖಾತೆ. ಈ ಹಂಚಿಕೆಯನ್ನು ಯಾವ ಕಾನೂನು ಮಾಡಿತು?

ತಾವು ದುಡ್ಡು ತಿಂದು ಬರೆದಿರಿ ಎಂದು ನಾನು ಹೇಳುವುದಿಲ್ಲ. ತಾವೂ ನನ್ನ ಹಾಗೆಯೇ ಮಾಡಿರಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಏಜೆಂಟನ ಗಟ್ಟಿ ದನಿಯನ್ನು, ಚೆನ್ನಾಗಿ ಕೇಳಿಸುವ ತಮ್ಮ ಸ್ವಂತ ಕಿವಿಯಿಂದಲೇ ಪರೀಕ್ಷಿಸಿರಬೇಕು. ನಾನು ಕೇಳುವುದು ಇಷ್ಟೇ. ದವಾಖಾನೆಯಲ್ಲಿ ಒಂದು ಕೋಣೆ ತೆಗೆಯಿರಿ. ಯಾವ ಯಾವ ಕಂಪನಿಯ ಯಂತ್ರಗಳಿವೆಯೋ ಎಲ್ಲ ಅಲ್ಲಿರಲಿ. ಕಿವಿ ಹೋದವನು ತನ್ನ ಮನೆಯವರನ್ನೇ ಕರೆದುಕೊಂಡು ಬಂದು ಕೂತು, ಅವರ ದನಿಯಲ್ಲೇ ಕೇಳಿ ನೋಡಲಿ, ನಾಲ್ಕು ದಿನ ಮನೆಗೂ ಒಯ್ದು ನೋಡಲಿ, ಆಮೇಲೆ ಕೊಳ್ಳಲಿ. ಹೆಂಗಸರು ಸಂಕೋಚವಿಲ್ಲದೆ ಬರುವಂಥ ಕೋಣೆಯಾಗಿರಲಿ.

ಇದಕ್ಕೆ ಮಂಜೂರಾತಿ ಬೇಕು, ಕಾಲ ಹಿಡಿಯುತ್ತದೆ ಎನ್ನುತ್ತೀರಿ, ಹಿಡಿಯಲಿ. ಆದರೆ ಇನ್ನೊಂದಕ್ಕೆ ಯಾರ ಮಂಜೂರಾತಿಯೂ ಬೇಡ. ಇದೇ ಪತ್ರಿಕೆಯಲ್ಲಿ ತಮ್ಮ ಹೆಸರು ಹಾಕಿ ಒಂದು ಸಾಲು ಬರೆಯಿರಿ: ನಾನು ಹೆಚ್ಚು ಹೇಳಿದೆ, ಆ ಯಂತ್ರ ಹಾಕಿಕೊಂಡವರಿಗೂ ಮನೆಯವರ ಮಾತು ಕೇಳಿಸದೆ ಇರಬಹುದು ಎಂದು. ಆ ಸಾಲನ್ನು ಚಿಂಚೋಳಿಗೆ ಒಯ್ದು ಅವಳ ಕೈಗೆ ಕೊಡುತ್ತೇನೆ. ಇಪ್ಪತ್ತು ವರ್ಷ ಜೊತೆಗಿದ್ದವನ ಮಾತಿಗಿಂತ ತಮ್ಮ ಸಹಿಯನ್ನು ಅವಳು ಹೆಚ್ಚು ನಂಬುತ್ತಾಳೆ.

ಇಂತಿ,
ತಮ್ಮ ಸರ್ಟಿಫಿಕೇಟಿನ ಪ್ರಕಾರ ಎಲ್ಲವೂ ಚೆನ್ನಾಗಿ ಕೇಳಿಸುವ,
ಭಂಕೂರದ ಗುರುಲಿಂಗಪ್ಪ