ಸಹಿ ಹಾಕದವಳು

ಮಾರ್ಚ್ 3, ಸೋಮವಾರ
ಆಪರೇಷನ್ ಥಿಯೇಟರಿನ ಬಟ್ಟೆ ಎರಡು ಟ್ರಾಲಿ. ಇಸ್ತ್ರಿ ಮುಗಿಯುವಾಗ ನಾಲ್ಕು ಗಂಟೆ. ಮಡಚುವ ಕೆಲಸಕ್ಕೆ ಹೊಸಬ ಬಂದಿದ್ದಾನೆ. ಯಾವುದೋ ಜಗಳದಲ್ಲಿ ಒಬ್ಬನನ್ನು ತಳ್ಳಿದನಂತೆ, ಬಿದ್ದವನು ಏಳಲಿಲ್ಲ. ಎಂಟು ವರ್ಷ ಜೈಲು. ಇಡೀ ಲಾಂಡ್ರಿಗೆ ಗೊತ್ತು. ತಲೆ ಎತ್ತುವುದಿಲ್ಲ. ಶೀಟಿನ ಅಂಚು ಮಾತ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಮಾರ್ಚ್ 7
ಇಲ್ಲೇ ನನ್ನ ಜೊತೆ ಕೆಲಸ ಮಾಡುವ ತಂಗಿ ಕಾಗದ ಹಿಡಿದು ಬಂದಳು. ಅವನನ್ನು ತೆಗೆಯಬೇಕೆಂದು ಅರ್ಜಿ. ಹದಿನಾಲ್ಕು ಸಹಿ ಬಿದ್ದಿದೆ, ಉಳಿದದ್ದು ನನ್ನದೊಂದೇ.
"ಓದ್ತಾ ಕೂರಬೇಡ ಅಕ್ಕಾ, ಹಾಕು."
"ಇಲ್ಲಿ ಅವನೇನು ಮಾಡಿದಾನೆ?"
"ಮಾಡೋ ತನಕ ಕಾಯ್ಬೇಕಾ? ಎಲ್ಲರೂ ಹಾಕಿದಾರೆ. ನೀನೊಬ್ಬಳೇನು ಆಕಾಶದಿಂದ ಇಳಿದು ಬಂದವಳಾ?"
ಹಾಕಲಿಲ್ಲ. ಧೈರ್ಯವೇನಲ್ಲ... ಕೈ ಬರಲಿಲ್ಲ, ಅಷ್ಟೇ.

ಮಾರ್ಚ್ 12
ಎಲ್ಲರ ಸಹಿ ಇಲ್ಲವೆಂದು ಅರ್ಜಿ ವಾಪಸ್ಸು ಬಂತು. ಊಟಕ್ಕೆ ಕೂತೆ, ಬೆಂಚು ಖಾಲಿಯಾಯಿತು. ನನ್ನ ಜೊತೆ ಶೀಟು ಹಿಡಿಯಲು ಯಾರೂ ಬರಲಿಲ್ಲ — ದೊಡ್ಡದು, ಒಬ್ಬರ ಕೈಲಿ ಆಗುವುದಿಲ್ಲ. ಅವನೇ ಬಂದು ಇನ್ನೊಂದು ತುದಿ ಹಿಡಿದ. ನಲವತ್ತು ಶೀಟು.
ಬಸ್ಸಿನಲ್ಲಿ ತಂಗಿ ಬೇರೆ ಸೀಟು ಹುಡುಕಿಕೊಂಡಳು.

ಏಪ್ರಿಲ್ 18
ಐದು ವಾರ ಬರೆಯಲಿಲ್ಲ. ಬರೆಯಲು ಏನಿದೆ? ತಂಗಿಯ ಮಕ್ಕಳೂ ಮನೆಯ ಕಡೆ ಸುಳಿಯುತ್ತಿಲ್ಲ.
ಇವತ್ತು ಶೀಟಿನ ಆ ತುದಿಯಿಂದ ಅವನು ಹೇಳಿದ. "ನಾಳೆಯಿಂದ ಬರಲ್ಲ ಅಕ್ಕಾ. ನಿಮ್ಮನ್ನ ನೋಡೋಕಾಗ್ತಿಲ್ಲ."
"ನನಗೇನಾಗಿದೆ?"
"ಮೂರು ದಿನ ಆಯ್ತು, ನೀವು ಊಟಾನೇ ತಂದಿಲ್ಲ."
ಹೋಗಬೇಡ ಅನ್ನಬೇಕಿತ್ತು. ಮೂಲೆಗೆ ಮೂಲೆ ಸೇರಿಸಿದೆ.

ಏಪ್ರಿಲ್ 28
ಊಟದ ಬೆಂಚಿನಲ್ಲಿ ತಂಗಿ ಸರಿದು ಜಾಗ ಕೊಟ್ಟಳು. "ಬಾ, ಆಗಿದ್ದು ಆಯ್ತು." ಯಾರೋ ಸೂಪರ್‌ವೈಸರನ ನಡಿಗೆ ಅಣಕಿಸಿದರು. ನಾನೂ ನಕ್ಕೆ. ಎಷ್ಟು ಹಿತವಾಗಿತ್ತು... ನಾಚಿಕೆಗೆಟ್ಟ ಹಿತ.

ಮೇ 5
ಊಟದ ಹೊತ್ತಿಗೆ ಫೋನ್. ಯಾವುದೋ ಹೋಟೆಲಿನ ಲಾಂಡ್ರಿಯವರು. ಅವನು ಅಲ್ಲಿ ಕೆಲಸ ಕೇಳಿದ್ದಾನೆ. ವಿಚಾರಿಸಲು ನನ್ನ ಹೆಸರು ಕೊಟ್ಟಿದ್ದಾನೆ. ಸೂಪರ್‌ವೈಸರ್ ರಿಸೀವರ್ ನನ್ನ ಕೈಗಿಟ್ಟ. ಬೆಂಚಿನ ಮೇಲೆ ಅಗಿಯುವ ಸದ್ದು ನಿಂತಿತು. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು.
"ನಿಮ್ಮ ಜೊತೆ ಕೆಲಸ ಮಾಡ್ತಿದ್ದನಂತೆ. ಮನುಷ್ಯ ಹೇಗೆ?"
ಒಳ್ಳೆಯವನು. ಒಂದೇ ಮಾತು, ನಾಲಿಗೆಯ ಮೇಲೇ ಇತ್ತು.
"ನಂಗೆ ಅಷ್ಟಾಗಿ ಪರಿಚಯ ಇಲ್ಲ" ಅಂದೆ.
ಎಲ್ಲರೂ ಮತ್ತೆ ಉಣ್ಣತೊಡಗಿದರು. ತಂಗಿ ತನ್ನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ನಾನು ಕೈ ಚಾಚಿ ಒಂದು ತುತ್ತು ತೆಗೆದುಕೊಂಡೆ.