ಚೀಟಿಯ ಮೇಲಿನ ಮುನ್ನೂರ ಎಪ್ಪತ್ತೈದು

ಮನೆಯಿಂದ,
ಮಾರ್ಚ್ 14, ಮಂಗಳವಾರ

ನನ್ನ ಗಿಣಿಮರಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ನಕ್ಷೆ ಅಚ್ಚು ಹಾಕುವ ಆ ಕಚೇರಿಯಲ್ಲಿ ಇಡೀ ದಿನ ದೀಪದ ಕೆಳಗೆ ಬಗ್ಗಿ ಕೂರುತ್ತೀಯಂತೆ, ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಓಡಾಡು. ಅಮ್ಮ ಗಟ್ಟಿಯಾಗಿದ್ದಾಳೆ, ನನ್ನನ್ನು ಗದರುವಷ್ಟು. ನಾನೂ ಇದ್ದೇನೆ. ಈ ಪತ್ರಕ್ಕೆಂದು ಕೂತು ಆಗಲೇ ಮೂರು ಹಾಳೆ ಹರಿದು ಎಸೆದೆ. ಅಕ್ಷರ ಸೊಟ್ಟಗಿದ್ದರೆ ಅಂದಾಜಿನಲ್ಲಿ ಓದಿಕೋ.

ನಮ್ಮ ಟೀಚರಮ್ಮ ನಿನಗೆ ನೆನಪಿದ್ದಾರಲ್ಲ, ಎಡಗಾಲು ಒಂಚೂರು ಗಿಡ್ಡ ಇರುವವರು, ಹತ್ತು ವರ್ಷದಿಂದ ನಮ್ಮಲ್ಲೇ ಅಟ್ಟೆ ಏರಿಸಿದ ಬೂಟು ಮಾಡಿಸುವವರು? ಹೋದ ಬುಧವಾರ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗಲೇ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಎಡಗೈಗೆ ಸಿಮೆಂಟು ಕಟ್ಟು, ಗಲ್ಲದ ಮೇಲೆ ತರಚಿದ ಗಾಯ. ಶಾಲೆಯ ಮೆಟ್ಟಿಲಿಳಿಯುವಾಗ ಕಾಲು ಮಗುಚಿ ಬಿದ್ದರಂತೆ. ಅಯ್ಯೋ ಪಾಪ ಅಂದುಕೊಂಡು ನೀರು ಕೊಟ್ಟೆ ನೋಡು. ನೀರು ಕುಡಿದು ಅವರು ಚೀಲದಿಂದ ಎಡಗಾಲಿನ ಬೂಟು ತೆಗೆದು ಕಟ್ಟೆಯ ಮೇಲಿಟ್ಟರು. "ಆಸ್ಪತ್ರೇಲಿ ಇದನ್ನ ಅಳೆದು ನೋಡಿದ್ರು. ಒಂದು ಇಂಚು ಇದೆ. ಚೀಟೀಲಿ ಎಷ್ಟಿತ್ತು ಅಂತ ಒಂದ್ಸಲ ನೋಡೋಣ್ವಾ?" ಎಂದರು. ಅಷ್ಟೇ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಅಟ್ಟೆ ಎಷ್ಟು ಇಂಚು ಏರಿಸಬೇಕೆಂದು ಆಸ್ಪತ್ರೆಯಿಂದ ಬರುವ, ತಂತಿಗೆ ಚುಚ್ಚಿಟ್ಟ ಚೀಟಿಗಳಲ್ಲಿ ಅವರದ್ದನ್ನು ಹುಡುಕಿ ಜಂಬದಿಂದಲೇ ಮುಂದಿಟ್ಟೆ. 0.375 ಎಂದು ಅಚ್ಚಾಗಿತ್ತು. ನನ್ನ ಲೆಕ್ಕ ಹೀಗಿತ್ತು: ಅವರ ಹಳೆಯ ಚೀಟಿಯಲ್ಲಿ ಇದ್ದದ್ದು ಬಿಂದು ಐದು, ಅಂದರೆ ಅರ್ಧ ಇಂಚು. ಎಪ್ಪತ್ತೈದು ಅಂದರೆ ಮುಕ್ಕಾಲು, ಅದು ಪೈಸೆ ಕಂಡ ಯಾರಿಗೂ ಗೊತ್ತು. ಎಪ್ಪತ್ತೈದೇ ಮುಕ್ಕಾಲಾದರೆ ಮುನ್ನೂರ ಎಪ್ಪತ್ತೈದು ಇನ್ನೆಷ್ಟಿರಬೇಡ! ಹಾಗೆಂದೇ ಒಂದು ಇಂಚು ಏರಿಸಿದ್ದೆ. ಬೂಟು ಒಯ್ದ ದಿನ ಅವರು ನಾಲ್ಕು ಹೆಜ್ಜೆ ಹಾಕಿ, "ಎತ್ತರ ಜಾಸ್ತಿ ಆಯ್ತಲ್ವಾ?" ಎಂದಿದ್ದರು. "ಹೊಸದು ಅಲ್ವಾ, ಎಂಟು ದಿನ ಓಡಾಡಿ, ಕಾಲೇ ಹೊಂದ್ಕೊಳ್ಳುತ್ತೆ" ಎಂದು ನಾನೇ ಕಳಿಸಿದ್ದೆ. ಮೂವತ್ತೈದು ವರ್ಷದ ಕಸುಬುದಾರ ಹೇಳಿದ ಮೇಲೆ ಅವರು ನಂಬದೆ ಇರುತ್ತಾರೆಯೇ?

ಟೀಚರಮ್ಮ ಚರ್ಮಕ್ಕೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ನನ್ನ ಕತ್ತರಿಸುವ ಹಲಗೆಯ ಮೇಲೆಯೇ ಬರೆದರು. "ಬಿಂದು ಆದ್ಮೇಲೆ ಎಷ್ಟು ಅಂಕಿ ಇದೆ?" ಮೂರು ಎಂದೆ. "ಹಾಗಾದ್ರೆ ಒಂದರ ಮುಂದೆ ಮೂರು ಸೊನ್ನೆ. ಸಾವಿರ. ಒಂದು ಇಂಚನ್ನ ಸಾವಿರ ಚೂರು ಮಾಡಿದ್ರೆ ಅದರಲ್ಲಿ ಮುನ್ನೂರ ಎಪ್ಪತ್ತೈದು ಚೂರು." ಮೇಲೆ 375, ನಡುವೆ ಗೆರೆ, ಕೆಳಗೆ 1000. ಸಾವಿರ ಕಂಡಾಗಲೇ ನನ್ನ ಲೆಕ್ಕ ತಲೆಕೆಳಗಾಯಿತು. ಮುನ್ನೂರ ಎಪ್ಪತ್ತೈದು ಸಾವಿರದಲ್ಲಿ ಅರ್ಧವೂ ಅಲ್ಲವಲ್ಲ! ಅವರು ನಿಲ್ಲಿಸಲಿಲ್ಲ. "ಮೇಲೂ ಐದರಿಂದ ಭಾಗಿಸಿ, ಕೆಳಗೂ ಐದರಿಂದ ಭಾಗಿಸಿ. ಎರಡೂ ಕಡೆ ಒಂದೇ ಅಂಕಿಯಿಂದ ಭಾಗಿಸಿದ್ರೆ ಬೆಲೆ ಬದಲಾಗಲ್ಲ." ಭಾಗಿಸಿದೆ. ಎಪ್ಪತ್ತೈದು, ಇನ್ನೂರು. ಮತ್ತೆ ಐದರಿಂದ. ಹದಿನೈದು, ನಲವತ್ತು. ಮತ್ತೆ. ಮೂರು, ಎಂಟು. "ಇನ್ನು ಎರಡಕ್ಕೂ ಒಟ್ಟಿಗೆ ಹೋಗೋ ಅಂಕಿ ಇಲ್ಲ, ಅಲ್ಲಿಗೆ ನಿಂತಿತು" ಎಂದರು. ಎಂಟರಲ್ಲಿ ಮೂರು! ನನ್ನ ಮರದ ಅಳತೆಪಟ್ಟಿಯಲ್ಲಿ ಇಂಚಿಗೆ ಎಂಟೇ ಗೆರೆ. ಮೊದಲಿದ್ದ ಅರ್ಧ ಇಂಚಿಗೆ ನಾಲ್ಕು ಗೆರೆ. ಡಾಕ್ಟರು ಒಂದು ಗೆರೆ, ಬರೀ ಅರೆಕಾಲು ಇಂಚು, ಇಳಿಸು ಎಂದಿದ್ದರು. ನಾನು ನಾಲ್ಕು ಗೆರೆ ಏರಿಸಿದ್ದೆ.

ಗಿಣೀ, ಆ ಹೆಂಗಸು ಮೂರು ವಾರ ಆ ಬೂಟಿನಲ್ಲಿ ಕರಿಹಲಗೆಯ ಮುಂದೆ ನಿಂತು ಮಕ್ಕಳಿಗೆ ಇದೇ ಲೆಕ್ಕ ಹೇಳಿಕೊಟ್ಟಿದ್ದಾರೆ. ತಪ್ಪಾಯಿತು ಎನ್ನುವ ಬದಲು ಚಾಕು ಕೈಗೆತ್ತಿಕೊಂಡೆ. ಅವರನ್ನು ಅಲ್ಲೇ ಕೂರಿಸಿ ಅಟ್ಟೆ ಬಿಚ್ಚಿದೆ, ಮೂರು ಗೆರೆಗೆ ಹೊಸದು ಕೂರಿಸಿದೆ. ಹೊಲಿಯುವಾಗ ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಅವರು ಆಸ್ಪತ್ರೆಗೆ ಹೋಗಿ ಅಳೆಸಿಕೊಂಡು ಸಂಜೆ ಇದೇ ದಾರಿಯಲ್ಲಿ ಬಂದು, ಸರಿಯಾಗಿದೆಯಂತೆ ಎಂದು ಹೇಳಿ ಹೋದರು. ಹೋಗುವಾಗ ಹಲಗೆಯ ಮೇಲೆ 0.6 ಎಂದು ಬರೆದು, "ಇದನ್ನ ಮಾಡಿಡಿ, ನಾಳೆ ನೋಡ್ತೀನಿ" ಎಂದರು! ಐದರಲ್ಲಿ ಮೂರು ಬಂತು. ನನ್ನ ಪಟ್ಟಿಯಲ್ಲಿ ಐದನೇ ಭಾಗದ ಗೆರೆಯೇ ಇಲ್ಲ ಎಂದು ಮಾರನೆಯ ದಿನ ಜಗಳ ತೆಗೆದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಇದು ಅರ್ಧ ಕಥೆ. ಇಷ್ಟು ವರ್ಷ ಹಾಗಾದರೆ ತಪ್ಪಾಗದೆ ಹೇಗೆ ನಡೆಯಿತು ಎಂದು ನನ್ನ ತಲೆ ಕೊರೆಯತೊಡಗಿತು. ಹಳೆಯ ಚೀಟಿಗಳ ಡಬ್ಬ ಇಳಿಸಿದೆ. ಆಸ್ಪತ್ರೆಯಲ್ಲಿ ಯಂತ್ರದ ಚೀಟಿ ಶುರುವಾದ ಮೇಲಿನ ಒಂದೊಂದರಲ್ಲೂ ಅಚ್ಚಿನ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಸಣ್ಣದಾಗಿ 5/8, 1/8, 3/8. ನಾನು ನೋಡುತ್ತಿದ್ದದ್ದು ಅದನ್ನೇ. ಆಸ್ಪತ್ರೆಯ ಯಾರೋ ಗುಮಾಸ್ತ ಬರೆಯುತ್ತಾನೆ ಎಂದುಕೊಂಡಿದ್ದೆ. ಈಚೆಗೆ ಬರೆಯುತ್ತಿಲ್ಲ, ಸೋಮಾರಿ ಎಂದು ಬೈದುಕೊಂಡದ್ದೂ ಉಂಟು. ನಿನ್ನ ಅಮ್ಮ ಪಕ್ಕದಲ್ಲಿ ಬಂದು ನಿಂತು, "ಮಗಳ ಅಕ್ಷರ ಗುರ್ತು ಸಿಗಲ್ವಾ ನಿಮ್ಗೆ? ಆ ಎಂಟು ನೋಡಿ, ತಲೆ ಚಿಕ್ಕದು, ಹೊಟ್ಟೆ ದಪ್ಪ" ಎಂದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ! ಹದಿಮೂರು ವರ್ಷದವಳಿದ್ದಾಗಿಂದ ನೀನು ಶಾಲೆಗೆ ಹೊರಡುವ ಮುಂಚೆ ತಂತಿಯ ಹತ್ತಿರ ನಿಂತು ಬರೆದು ಹೋಗುತ್ತಿದ್ದೆಯಂತೆ.

ಯಾಕೆ ಬಾಯಿಬಿಟ್ಟು ಹೇಳಲಿಲ್ಲ ಎಂದು ಕೇಳಲು ಹೊರಟೆ, ಅಷ್ಟರಲ್ಲಿ ನನಗೇ ನೆನಪಾಯಿತು. ನೀನು ಹೇಳಿದ್ದೆ. ಒಂದು ಸಲ ಚೀಟಿ ಹಿಡಿದುಕೊಂಡು, "ಅಪ್ಪಾ, ಇದು ಹಾಗಲ್ಲ" ಎಂದಿದ್ದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. "ನಂಗೇ ಕಲಿಸೋಕೆ ಬರ್ತೀಯಾ? ಒಳಗೆ ಹೋಗು" ಎಂದು ನಾನು ಎಲ್ಲರ ಎದುರು ಅರಚಿದ್ದೆ. ನೀನು ಒಳಗೆ ಹೋದೆ. ಏಳು ವರ್ಷ ಆ ಮಾತು ಮತ್ತೆ ಎತ್ತಲಿಲ್ಲ. ನನ್ನ ಮರ್ಯಾದೆಯನ್ನೂ ಊರಿನವರ ಕಾಲನ್ನೂ ಒಂದು ಪೆನ್ಸಿಲಿನಲ್ಲಿ ಕಾಪಾಡಿಕೊಂಡು ಬಂದೆ. ನಾನು ಎಂಥವನು ಗಿಣೀ, ಮನೆಯ ಮಗಳು ನನಗೆ ಹೆದರಿ ಕದ್ದು ಒಳ್ಳೆಯದು ಮಾಡಬೇಕಾಯಿತಲ್ಲ.

ಇನ್ನು ಬರೆಯಲಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ನೆನಪು ಹೇಳಿದ್ದಾಳೆ, ನಿನ್ನ ಕೋಣೆಯ ಗೆಳತಿಗೂ ನನ್ನ ಹಾರೈಕೆ ತಿಳಿಸು. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ

ಮರೆತಿದ್ದೆ: ನೀನು ಹೋದ ಮೇಲೆ ಬಂದ ಮೂರಂಕಿಯ ಚೀಟಿ ಇನ್ನೊಂದಿದೆ, ಲಾರಿ ಡ್ರೈವರನದು. ಅವನ ಮನೆಗೇ ಹೋಗಿ ತಪ್ಪು ಒಪ್ಪಿಕೊಂಡು ಬೂಟು ವಾಪಸ್ಸು ತಂದಿದ್ದೇನೆ. ಸೊಂಟ ಹಿಡಿದುಕೊಂಡಿದೆಯಂತೆ, ರಜೆ ಹಾಕಿ ಮನೆಯಲ್ಲಿದ್ದಾನೆ. ಚೀಟಿಯಲ್ಲಿ 0.625 ಇದೆ. ನಾನು ಮಾಡಿದ್ದು: 625/1000, 125/200, 25/40, 5/8. ಟೀಚರಮ್ಮನನ್ನು ಕೇಳಬಹುದಿತ್ತು, ಕೇಳಲಿಲ್ಲ. ನೀನು ನೋಡಿ, ತಪ್ಪಿದ್ದರೆ ತಪ್ಪು ಎಂದೇ ದಪ್ಪಕ್ಷರದಲ್ಲಿ ಮರುಟಪಾಲಿಗೇ ಬರಿ. ನಿನ್ನ ಉತ್ತರ ಬರುವ ತನಕ ಚರ್ಮಕ್ಕೆ ಚಾಕು ಹಾಕುವುದಿಲ್ಲ.